ಪರದೆಯಿಂದ ಪ್ಲೈವುಡ್‌ಗೆ: ಅಲೆಯಂತೆ ಬಾಗಿದ ಅಡ್ಡಗೋಡೆ ಕಟ್ಟುವ ಬಗೆ

ಅರ ಹಿಡಿದು ಎರಡು ದಿನ ಪ್ಲೈವುಡ್ ಉಜ್ಜಿದ್ದೇನೆ. ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿ, ಯಂತ್ರದಲ್ಲಿ ಕತ್ತರಿಸಿ ಕಟ್ಟಿದ ನನ್ನ ಮೊದಲ ಅಡ್ಡಗೋಡೆ ಅದು. ಪರದೆಯ ಮೇಲೆ ಎಲ್ಲ ಪಟ್ಟಿಗಳೂ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂತಿದ್ದವು. ನಿಜವಾಗಿ ಜೋಡಿಸಲು ಹೋದಾಗ ಮೊದಲ ಅಡ್ಡಪಟ್ಟಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೊಡತಿಯಲ್ಲಿ ಎರಡು ಏಟು ಕೊಟ್ಟೆ. ಪ್ಲೈವುಡ್‌ನ ಮೇಲ್ಪದರ ಸೀಳಿತು.

ತಪ್ಪು ನನ್ನದೇ. ಒಂದು ಹಲಗೆಯ ಒಂದು ಮೂಲೆಯನ್ನು ಅಳೆದು, 17.6 ಮಿ.ಮೀ. ಎಂದು ಬರೆದುಕೊಂಡು, ಎಲ್ಲ ಸ್ಲಾಟ್‌ಗಳಿಗೂ (ಪಟ್ಟಿಗಳು ಒಂದರೊಳಗೊಂದು ಕೂರುವ ಸೀಳುಗಳಿಗೆ) ಆ ಅಳತೆಯನ್ನೇ ಕೊಟ್ಟಿದ್ದೆ. ಉಳಿದ ಹಲಗೆಗಳು 18ರ ಆಸುಪಾಸಿನಲ್ಲಿದ್ದವು.

ಕೈಯಲ್ಲಿ ಕೆಲಸ ಮಾಡುವ ಬಡಗಿಗೆ ಈ ಗತಿ ಬರುವುದಿಲ್ಲ. ಅವರು ಹಲಗೆ ಎತ್ತಿಕೊಂಡ ಕೂಡಲೇ "ಇದು ಸ್ವಲ್ಪ ದಪ್ಪ ಇದೆ" ಅಂದುಕೊಂಡು ಉಳಿಯನ್ನು ಕೂದಲೆಳೆಯಷ್ಟು ಆಚೆಗೆ ಇಡುತ್ತಾರೆ. ನಕ್ಷೆಯಲ್ಲಿ ಇಲ್ಲದ ತೀರ್ಮಾನ ಅದು. ಡಿಜಿಟಲ್ ಫ್ಯಾಬ್ರಿಕೇಷನ್‌ನಲ್ಲಿ ಹಾಗೆ ತೀರ್ಮಾನಿಸುವ ಕೈ ನಡುವೆ ಇರುವುದಿಲ್ಲ. ನೀವು ಬರೆದ ಫೈಲನ್ನು ಯಂತ್ರ ಓದುತ್ತದೆ, ಹೇಳಿದಷ್ಟೇ ಕತ್ತರಿಸುತ್ತದೆ. ಹಾಗಾಗಿ ಬಡಗಿಯ ಆ ಅಂದಾಜನ್ನೂ ನೀವೇ ಫೈಲ್‌ನೊಳಗೆ ಇಡಬೇಕು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1952ರಲ್ಲೇ ಅಂಕಿಗಳ ಆದೇಶದಂತೆ ಲೋಹ ಕೊರೆಯುವ ಯಂತ್ರವನ್ನು ತೋರಿಸಿದ್ದರು. ಅಲ್ಲೇ 1963ರಲ್ಲಿ ಐವನ್ ಸದರ್‌ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಮಾಡಿದರು. ಪರದೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದು, ಗೆರೆಗಳ ನಡುವಿನ ಸಂಬಂಧವನ್ನೂ ನಿಗದಿ ಮಾಡಬಹುದಾಗಿತ್ತು. ಈ ಎರಡೂ ಕಟ್ಟಡದ ಕೆಲಸದಲ್ಲಿ ಗಟ್ಟಿಯಾಗಿ ಕೈಜೋಡಿಸಲು ಮೂರು ದಶಕ ಬೇಕಾಯಿತು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅವರ ತಂಡ 1992ರಲ್ಲಿ ಬಾರ್ಸಿಲೋನಾದ ದೊಡ್ಡ ಮೀನಿನ ಶಿಲ್ಪಕ್ಕೆ ವಿಮಾನ ತಯಾರಿಕೆಯ 'ಕಟಿಯಾ' ತಂತ್ರಾಂಶ ಬಳಸಿತು. 1997ರ ಬಿಲ್ಬಾವೊ ಗುಗೆನ್‌ಹೈಮ್ ಮ್ಯೂಸಿಯಂ ಅದೇ ದಾರಿಯಲ್ಲಿ ಬಂತು. ಅಂದು ದೊಡ್ಡ ಕಚೇರಿಗಳಿಗಷ್ಟೇ ಎಟುಕುತ್ತಿದ್ದದ್ದು ಇಂದು ಒಂದು ಲ್ಯಾಪ್‌ಟಾಪ್ ಮತ್ತು ಬಾಡಿಗೆಯ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಹಲಗೆ ಕೊರೆಯುವ ಯಂತ್ರ) ಇದ್ದರೆ ಸಾಕು.

ಏನು ಕಟ್ಟುತ್ತೇವೆ

2400 ಮಿ.ಮೀ. ಉದ್ದ, 2100 ಮಿ.ಮೀ. ಎತ್ತರದ ಅಡ್ಡಗೋಡೆ. ಹಿಂಬದಿ ಸಪಾಟು, ಮುಂಬದಿ ಅಲೆಯಂತೆ ಉಬ್ಬಿ ತಗ್ಗುತ್ತದೆ. ಕೆಲವು ಕಡೆ ಆಳ 250 ಮಿ.ಮೀ., ಕೆಲವು ಕಡೆ 450. ಇದರಲ್ಲಿ 13 ನಿಲುಪಟ್ಟಿಗಳು, 8 ಅಡ್ಡಪಟ್ಟಿಗಳು. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಪಟ್ಟಿಗಳು ಸೇರುವ 104 ಜಾಗಗಳಲ್ಲೂ ಎರಡೂ ಕಡೆ ಅರ್ಧರ್ಧ ಸ್ಲಾಟ್ ಇರುತ್ತದೆ. ಒಂದರೊಳಗೊಂದು ಸಿಕ್ಕಿಸಿದರೆ ಆಯಿತು. ಪುಸ್ತಕ ಇಡುವ ಗೂಡುಗಳೂ ಸಿಗುತ್ತವೆ, ಕೋಣೆಯನ್ನು ಬೇರ್ಪಡಿಸುವ ಗೋಡೆಯೂ ಆಗುತ್ತದೆ.

ಇಂಥ ಕಟ್ಟಣೆಯನ್ನು 'ವಾಫಲ್' ಎನ್ನುತ್ತಾರೆ. ಸ್ಪೇನ್‌ನ ಸೆವಿಲ್ ನಗರದಲ್ಲಿ ಯುರ್ಗೆನ್ ಮೇಯರ್ ವಿನ್ಯಾಸ ಮಾಡಿದ ಮೆಟ್ರೊಪಾಲ್ ಪ್ಯಾರಾಸಾಲ್ ಇದೇ ಜಾತಿಯದು. 2011ರಲ್ಲಿ ಮುಗಿದ ಆ ಮರದ ಛತ್ರಿಯ ಕೆಳಗೆ ಇಡೀ ಚೌಕವೇ ನೆರಳಲ್ಲಿದೆ. ಕಲಿಯುವವರಿಗೆ ವಾಫಲ್ ಒಳ್ಳೆಯ ಆರಂಭ. ಆಕಾರ ಎಷ್ಟೇ ಬಳುಕಿದರೂ ಪ್ರತಿ ತುಂಡೂ ಸಪಾಟು ಹಲಗೆಯಿಂದಲೇ ಬರುತ್ತದೆ.

ಹಂತ 1: ಗೆರೆ ಎಳೆಯುವ ಮೊದಲು ನಾಲ್ಕು ಅಂಕಿ

ಮೊದಲು ಹಲಗೆಯ ಅಳತೆ: ಸಾಮಾನ್ಯವಾಗಿ 2440 × 1220 ಮಿ.ಮೀ. ಎರಡನೆಯದು ಯಂತ್ರದ ಮೇಜು ಹಿಡಿಯುವ ಅಳತೆ. ಮೂರನೆಯದು ಬಿಟ್‌ನ (ರೌಟರ್‌ನಲ್ಲಿ ತಿರುಗುತ್ತಾ ಕತ್ತರಿಸುವ ಕೊರೆಕಡ್ಡಿಯ) ವ್ಯಾಸ, ಇಲ್ಲಿ 6 ಮಿ.ಮೀ. ನಾಲ್ಕನೆಯದು ಹಲಗೆಯ ದಪ್ಪ. ಇದನ್ನು ಈಗಲೇ ನಂಬಬೇಡಿ, 18 ಎನ್ನುವುದು ಹೆಸರಿಗಷ್ಟೇ.

ಗೋಡೆಯ ಉದ್ದ 2400 ಯಾಕೆ ಅಂತ ಈಗ ಗೊತ್ತಾಯಿತಲ್ವಾ? 2440ರ ಹಲಗೆಯಲ್ಲಿ ಎರಡೂ ತುದಿಗೆ 20 ಮಿ.ಮೀ. ಬಿಟ್ಟರೆ ಅಡ್ಡಪಟ್ಟಿ ಒಂದೇ ತುಂಡಿನಲ್ಲಿ ಬರುತ್ತದೆ. ಸುಮ್ನೆ ಆಸೆಗೆ 2600 ಅಂತ ಇಟ್ಟುಕೊಂಡರೆ 8 ಪಟ್ಟಿಗಳಿಗೂ ನಡುವೆ ಒಂದೊಂದು ಜೋಡಣೆ ಬೇಕು. 200 ಮಿ.ಮೀ.ಗಾಗಿ ಅಷ್ಟು ತಲೆನೋವು ತಂದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಹಂತ 2: ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು

ಪ್ಯಾರಾಮೆಟ್ರಿಕ್ ವಿನ್ಯಾಸ ಅಂದರೆ ನೀವು ಆಕಾರವನ್ನು ಬಿಡಿಸುವುದಿಲ್ಲ, ಆಕಾರ ಹುಟ್ಟುವ ನಿಯಮವನ್ನು ಬರೆಯುತ್ತೀರಿ. ಒಂದು ಅಂಕಿ ಬದಲಾಯಿಸಿದರೆ ಅದನ್ನು ನಂಬಿಕೊಂಡ ಎಲ್ಲವೂ ತಾನಾಗಿ ಬದಲಾಗುತ್ತದೆ. ಹೊಸಬರು ಎಲ್ಲವನ್ನೂ ಬದಲಾಗುವಂತೆ ಮಾಡಲು ಹೋಗಿ ಎರಡನೇ ವಾರಕ್ಕೆ ತಮ್ಮದೇ ಫೈಲ್ ತಮಗೆ ಅರ್ಥವಾಗದ ಸ್ಥಿತಿಗೆ ಬರುತ್ತಾರೆ.

ಒಂದು ಕಾಗದ ತೆಗೆದುಕೊಂಡು ಎರಡು ಕಾಲಂ ಮಾಡಿ. ಬದಲಾಗುವ ಕಡೆ: ಮುಂಬದಿಯ ಅಲೆ, ಪಟ್ಟಿಗಳ ಸಂಖ್ಯೆ, ನಿಲುಪಟ್ಟಿಯ ದಪ್ಪ, ಅಡ್ಡಪಟ್ಟಿಯ ದಪ್ಪ, ಸ್ಲಾಟ್‌ನ ಸಡಿಲ, ಬಿಟ್ ವ್ಯಾಸ. ಬದಲಾಗದ ಕಡೆ: ಒಟ್ಟು ಉದ್ದ, ಎತ್ತರ, ಹಿಂಬದಿಯ ಸಪಾಟು ಮೈ, ಪಟ್ಟಿಗಳು ಸೇರುವ 90 ಡಿಗ್ರಿ ಕೋನ. ದಪ್ಪ ಎರಡು ಸಲ ಬಂದದ್ದು ಕೈತಪ್ಪಿನಿಂದಲ್ಲ. ಅದಕ್ಕೆ ಮುಂದೆ ಬರುತ್ತೇನೆ.

90 ಡಿಗ್ರಿಯನ್ನು ಯಾಕೆ ಬಿಡಬಾರದು ಅಂದರೆ, ಮೂರು ಅಕ್ಷದ ರೌಟರ್ ನೇರ ಕೆಳಕ್ಕೆ ಮಾತ್ರ ಕತ್ತರಿಸುತ್ತದೆ. ನಿಲುಪಟ್ಟಿಯನ್ನು 75 ಡಿಗ್ರಿಗೆ ವಾಲಿಸಿದರೆ 18 ಮಿ.ಮೀ. ಹಲಗೆ ಹಾದುಹೋಗಲು ಸುಮಾರು 23.5 ಮಿ.ಮೀ. ಅಗಲದ ಸ್ಲಾಟ್ ಬೇಕು. ಪಕ್ಕದಲ್ಲಿ ಕಿಂಡಿ ಕಾಣುತ್ತದೆ, ಹಿಡಿತ ಮೂಲೆಗಳಲ್ಲಿ ಮಾತ್ರ ಸಿಗುತ್ತದೆ. ಇನ್ನು ನಿಲುಪಟ್ಟಿಗಳನ್ನು ಬೀಸಣಿಗೆಯಂತೆ ಹರಡಿದರೆ ಪರದೆಯ ಮೇಲೆ ಸೊಗಸಾಗಿ ಕಾಣುತ್ತದೆ, ಆದರೆ ಜೋಡಿಸಲು ಆಗುವುದಿಲ್ಲ. ಅಡ್ಡಪಟ್ಟಿ 13 ಸ್ಲಾಟ್‌ಗಳಿಗೂ ಒಂದೇ ದಿಕ್ಕಿನಲ್ಲಿ ಜಾರಬೇಕು. ಒಂದೊಂದು ಒಂದೊಂದು ಕಡೆ ತಿರುಗಿದ್ದರೆ ಎಲ್ಲಿಗೆ ಜಾರುವುದು?

ಹಂತ 3: ಮಾದರಿ ಕಟ್ಟುವುದು

ನಾನು ರೈನೊ ಎಂಬ ಮೂರು ಆಯಾಮದ ವಿನ್ಯಾಸ ತಂತ್ರಾಂಶದ ಒಳಗಿನ ಗ್ರಾಸ್‌ಹಾಪರ್ ಬಳಸುತ್ತೇನೆ. ಡೇವಿಡ್ ರಟ್ಟೆನ್ ಮಾಡಿದ ಈ ಸಾಧನ 2007ರಲ್ಲಿ ಹೊರಬಂತು, 2018ರ ರೈನೊ 6ರಿಂದ ಅದರ ಜೊತೆಯಲ್ಲೇ ಬರುತ್ತದೆ. ಡಬ್ಬಿಗಳನ್ನು ವೈರಿನಿಂದ ಜೋಡಿಸಿದಂತೆ ಆದೇಶಗಳನ್ನು ಜೋಡಿಸುತ್ತಾ ಹೋಗುವುದು. ಹಣ ಕೊಡದೆ ಕೆಲಸ ಆಗಬೇಕಾದರೆ ಫ್ರೀಕ್ಯಾಡ್ ಇದೆ. ಹೆಜ್ಜೆಗಳ ಹಿಂದಿನ ತರ್ಕ ಎರಡರಲ್ಲೂ ಒಂದೇ.

ಮೊದಲು ನೆಲದ ಮಟ್ಟದಲ್ಲಿ ಒಂದು, ಸೊಂಟದ ಎತ್ತರದಲ್ಲಿ ಒಂದು, ತಲೆಯ ಮೇಲೆ ಒಂದು, ಹೀಗೆ ಮೂರು ಬಾಗಿದ ಗೆರೆಗಳನ್ನು ಎಳೆಯಿರಿ. ಮೂರನ್ನೂ ಲಾಫ್ಟ್ ಮಾಡಿದರೆ, ಅಂದರೆ ಗೆರೆಗಳ ನಡುವೆ ಮೈ ಹೊದಿಸಿದರೆ, ಮುಂಬದಿಯ ಅಲೆ ಸಿಗುತ್ತದೆ. ಅದಕ್ಕೂ ಹಿಂಬದಿಯ ಸಪಾಟು ಮೈಗೂ ನಡುವೆ ಇರುವ ಗಾತ್ರವನ್ನು ಗಟ್ಟಿ ಮುದ್ದೆಯಾಗಿ ಮುಚ್ಚಿ.

ಈಗ ಆ ಮುದ್ದೆಯನ್ನು ಬ್ರೆಡ್ಡಿನಂತೆ ಹೋಳು ಮಾಡಿ. ನಿಂತ ಹೋಳುಗಳು 13. ಎರಡೂ ತುದಿಯಿಂದ 60 ಮಿ.ಮೀ. ಒಳಗೆ ಬಂದು, 190 ಮಿ.ಮೀ.ಗೆ ಒಂದರಂತೆ. ತುದಿಯಲ್ಲಿ ಆ 60 ಬಿಡದಿದ್ದರೆ ಕೊನೆಯ ಸ್ಲಾಟ್‌ನ ಆಚೆ ಮರವೇ ಉಳಿಯುವುದಿಲ್ಲ, ಕಿವಿ ಮುರಿದಂತೆ ಮುರಿದುಹೋಗುತ್ತದೆ. ಮಲಗಿದ ಹೋಳುಗಳು 8. ಕೆಳಗಿನದು ನೆಲದಿಂದ 50 ಮಿ.ಮೀ. ಮೇಲೆ, ಮೇಲಿನದು 2050ರಲ್ಲಿ.

ನಿಂತ ಹೋಳೂ ಮಲಗಿದ ಹೋಳೂ ಕೂಡುವಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಗೆರೆ ಸಿಗುತ್ತದೆ. ಒಟ್ಟು 104 ಗೆರೆಗಳು. ಪ್ರತಿ ಗೆರೆಯ ನಡುಬಿಂದು ಹುಡುಕಿ. ಮುಂದಿನ ಅರ್ಧದ ಮೇಲೆ ಒಂದು ಆಯತ ಇಟ್ಟು ನಿಲುಪಟ್ಟಿಯಿಂದ ಕಳೆಯಿರಿ. ಹಿಂದಿನ ಅರ್ಧದ ಮೇಲೆ ಇನ್ನೊಂದು ಆಯತ ಇಟ್ಟು ಅಡ್ಡಪಟ್ಟಿಯಿಂದ ಕಳೆಯಿರಿ. ಆಗ ಅಡ್ಡಪಟ್ಟಿಗಳು ಮುಂದಿನಿಂದ ಹಿಂದಕ್ಕೆ ಜಾರಿ ಕೂರುತ್ತವೆ. ಎರಡೂ ಸ್ಲಾಟ್‌ಗಳನ್ನು ನಡುಬಿಂದುವಿನಿಂದ ಅರ್ಧ ಮಿ.ಮೀ. ಆಚೆಗೆ ಚಾಚಿ. ಇಲ್ಲದಿದ್ದರೆ ತಳ ತಳಕ್ಕೆ ತಾಗಿ ಪಟ್ಟಿ ಪೂರ್ತಿ ಒಳಗೆ ಹೋಗದೆ ಮುಂದೆ ಚಾಚಿಕೊಂಡು ನಿಲ್ಲುತ್ತದೆ.

ಇಲ್ಲೇ ಎಲ್ಲರೂ ಎಡವುವ ಒಂದು ವಿಷಯ ಇದೆ. ನಿಲುಪಟ್ಟಿಯಲ್ಲಿ ಕೊರೆಯುವ ಸ್ಲಾಟ್‌ನ ಅಗಲ ಅಡ್ಡಪಟ್ಟಿಯ ದಪ್ಪವನ್ನು ಅವಲಂಬಿಸಿದೆ. ಅಡ್ಡಪಟ್ಟಿಯ ಸ್ಲಾಟ್ ನಿಲುಪಟ್ಟಿಯ ದಪ್ಪವನ್ನು. ಎರಡು ದಪ್ಪಕ್ಕೂ ಬೇರೆ ಬೇರೆ ಸ್ಲೈಡರ್ (ಎಳೆದು ಅಂಕಿ ಬದಲಾಯಿಸುವ ಗುಂಡಿ) ಇಡಿ.

ಕೊನೆಗೆ ಪ್ರತಿ ತುಂಡಿಗೂ ಹೆಸರು ಕೊಡಿ: ನಿ1 ರಿಂದ ನಿ13, ಅ1 ರಿಂದ ಅ8. ಹೆಸರನ್ನು ಹಿಂಬದಿಯ ಅಂಚಿನ ಹತ್ತಿರ ಇಟ್ಟರೆ ಜೋಡಿಸಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ, ಯಾವ ಕಡೆ ಹಿಂದೆ ಎನ್ನುವುದೂ ತಿಳಿಯುತ್ತದೆ.

ಹಂತ 4: ನಿಲ್ಲುತ್ತದೆಯೇ?

ತೂಕ ಲೆಕ್ಕ ಹಾಕೋಣ. ತುಂಡುಗಳ ಒಟ್ಟು ವಿಸ್ತೀರ್ಣ ಸುಮಾರು 16 ಚ.ಮೀ. ಘನ ಮೀಟರಿಗೆ 600 ಕೆ.ಜಿ. ತೂಗುವ ಪ್ಲೈವುಡ್ ಅಂದುಕೊಂಡರೆ ಖಾಲಿ ಗೋಡೆಯೇ 175 ಕೆ.ಜಿ. ಹತ್ತಿರ ಬರುತ್ತದೆ. ಪುಸ್ತಕ ತುಂಬಿದರೆ ಇನ್ನೂ ಜಾಸ್ತಿ. ಕೆಳಮುಖ ಭಾರವನ್ನು ನಿಲುಪಟ್ಟಿಗಳು ಆರಾಮಾಗಿ ತಡೆಯುತ್ತವೆ. ನನಗೆ ಭಯ ಇರುವುದು ಬೇರೆ ಎರಡು ದಿಕ್ಕಿನಲ್ಲಿ.

ಒಂದು, ಎಡಬಲಕ್ಕೆ ಓಲಾಡುವುದು. ಸ್ಲಾಟ್ ಮಾತ್ರ ನಂಬಿದ ಕಟ್ಟಣೆ ಚೌಕದಿಂದ ವಜ್ರದ ಆಕಾರಕ್ಕೆ ಸುಲಭವಾಗಿ ವಾಲುತ್ತದೆ. ಹಿಂಬದಿಯ ಎರಡು ಮೂರು ಗೂಡುಗಳಿಗೆ ತೆಳು ಹಲಗೆ ಮುಚ್ಚಿ ಅಂಟಿಸಿದರೆ ಈ ಓಲಾಟ ನಿಲ್ಲುತ್ತದೆ. ಎರಡು, ಮುಂದಕ್ಕೆ ಬೀಳುವುದು. 2100 ಎತ್ತರಕ್ಕೆ 250 ಆಳ ಬಹಳ ಕಡಿಮೆ. ಇದನ್ನು ಗೋಡೆಗೋ ನೆಲಕ್ಕೋ ಚಾವಣಿಗೋ ಬಿಗಿಯದೆ ಬಿಡಲೇಬೇಡಿ. ಮಕ್ಕಳಿರುವ ಕಡೆಯಂತೂ ಇದು ಮಾತುಕತೆಗೆ ಬಿಟ್ಟ ವಿಷಯವೇ ಅಲ್ಲ. ಗ್ರಾಸ್‌ಹಾಪರ್‌ನಲ್ಲಿ ಕರಾಂಬಾ ಎಂಬ ಪ್ಲಗಿನ್ ಭಾರದ ಲೆಕ್ಕ ತೋರಿಸುತ್ತದೆ. ಆದರೆ ಜನರ ತಲೆಯ ಮೇಲೆ ನಿಲ್ಲುವ ಏನನ್ನೇ ಕಟ್ಟಿದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಸಹಿ ಬೇಕು.

ಹಂತ 5: ಚಿಕ್ಕ ಮಾದರಿ

ಸ್ಕೇಲ್ ಆರಿಸುವಾಗ ದುಂಡು ಅಂಕಿಗೆ ಮರುಳಾಗಬೇಡಿ. 1:10ಕ್ಕೆ ಇಳಿಸಿದರೆ 18 ಮಿ.ಮೀ. ಹಲಗೆ 1.8 ಆಗುತ್ತದೆ, ಆ ದಪ್ಪದ ಹಾಳೆ ಹುಡುಕುವುದು ಕಷ್ಟ. 1:6 ಮಾಡಿದರೆ ಸರಿಯಾಗಿ 3 ಮಿ.ಮೀ. ಇಡೀ ಗೋಡೆ 400 × 350 ಮಿ.ಮೀ.ಗೆ ಇಳಿಯುತ್ತದೆ. ಮೇಜಿನ ಮೇಲೆ ಜೋಡಿಸಿ ನೋಡಬಹುದು. ಲೇಸರ್ ಕಟರ್‌ನಲ್ಲಿ ಕತ್ತರಿಸಿ. ಕಿರಣ ತಾನೇ ಸ್ವಲ್ಪ ಮರವನ್ನು ಸುಟ್ಟು ತಿನ್ನುತ್ತದೆ, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಹಾಗಾಗಿ ಸ್ಲಾಟ್‌ನ ಅಗಲವನ್ನು ಫೈಲ್‌ನಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳಿ.

ಲೇಸರ್‌ಗೆ ಪಿವಿಸಿ ಹಾಳೆ ಯಾವತ್ತೂ ಹಾಕಬೇಡಿ. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಲೋಹಕ್ಕೂ ತುಕ್ಕು.

ಚಿಕ್ಕ ಮಾದರಿ ಎರಡು ವಿಷಯ ಹೇಳುತ್ತದೆ. ಜೋಡಿಸುವ ಕ್ರಮ ಸರಿ ಇದೆಯೇ, ಅಲೆ ಕಣ್ಣಿಗೆ ಹಿತವಾಗಿದೆಯೇ. ಸ್ಲಾಟ್‌ನ ಬಿಗಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. 3 ಮಿ.ಮೀ. ಹಾಳೆ ಬಗ್ಗಿ ಒಳಗೆ ಹೋಗುತ್ತದೆ, 18 ಮಿ.ಮೀ. ಬಗ್ಗುವುದಿಲ್ಲ.

ಹಂತ 6: ಹಲಗೆಯನ್ನು ಅಳೆಯುವುದು, ಬಾಚಣಿಗೆ ಕತ್ತರಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ಈ ಹಂತಕ್ಕೆ ಕೊಡಿ.

ಕತ್ತರಿಸುವ ದಿನಕ್ಕೆ ಒಂದೆರಡು ದಿನ ಮೊದಲೇ ಹಲಗೆಗಳನ್ನು ಆ ಕೋಣೆಗೆ ತಂದಿಡಿ. ಪ್ಲೈವುಡ್ ತೇವ ಕುಡಿದು ಊದುತ್ತದೆ, ಒಣಗಿ ಕುಗ್ಗುತ್ತದೆ. ಆಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ಪ್ರತಿ ಹಲಗೆಯನ್ನೂ ಆರು ಕಡೆ ಅಳೆಯಿರಿ: ನಾಲ್ಕು ಮೂಲೆ, ಎರಡು ಉದ್ದ ಅಂಚಿನ ನಡುಭಾಗ. ಅಂಕಿಗಳನ್ನು ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ.

ನಮ್ಮ ಗೋಡೆಗೆ 8 ಹಲಗೆ ಬೇಕು. 16 ಚ.ಮೀ.ಯನ್ನು ಹಲಗೆಯ 2.98 ಚ.ಮೀ.ಯಿಂದ ಭಾಗಿಸಿದರೆ 6 ಸಾಕು ಅನ್ನಿಸುತ್ತದೆ. ಆದರೆ ಬಾಗಿದ ತುಂಡುಗಳ ನಡುವೆ ಜಾಗ ಪೋಲಾಗುತ್ತದೆ. 13 ನಿಲುಪಟ್ಟಿಗೆ 5, 8 ಅಡ್ಡಪಟ್ಟಿಗೆ 3, ಹೀಗೆ ಲೆಕ್ಕ ಕೂಡುತ್ತದೆ. ಪರೀಕ್ಷೆಗೆ ಇನ್ನೊಂದು ಇರಲಿ.

ಈಗ ಎರಡು ಸ್ಲೈಡರ್‌ಗಳ ಕಾರಣ. ಅಳೆದ 8 ಹಲಗೆಗಳನ್ನು ದಪ್ಪದ ಪ್ರಕಾರ ಸಾಲಾಗಿ ಇಟ್ಟುಕೊಳ್ಳಿ. ಒಂದೇ ತರಹದ 5ನ್ನು ನಿಲುಪಟ್ಟಿಗೆ, ಉಳಿದ 3ನ್ನು ಅಡ್ಡಪಟ್ಟಿಗೆ ಆರಿಸಿ. ನಿಲುಪಟ್ಟಿಯವು ಸುಮಾರು 17.6, ಅಡ್ಡಪಟ್ಟಿಯವು 18.0 ಬಂದವು ಅನ್ನಿ. ಒಂದು ಸ್ಲೈಡರ್‌ಗೆ 17.6, ಇನ್ನೊಂದಕ್ಕೆ 18.0 ಕೊಟ್ಟರೆ 208 ಸ್ಲಾಟ್‌ಗಳೂ ತಮ್ಮ ತಮ್ಮ ಜೋಡಿಗೆ ಹೊಂದಿಕೊಳ್ಳುತ್ತವೆ. ಆ ಎರಡು ದಿನ ಅರ ಉಜ್ಜುವಾಗ ನನಗೆ ಹೊಳೆದದ್ದು ಇಷ್ಟೇ.

ಇನ್ನು ಸಡಿಲ ಎಷ್ಟಿರಬೇಕು? ಊಹಿಸಬೇಡಿ, ಕತ್ತರಿಸಿ. ಪರೀಕ್ಷೆಯ ಹಲಗೆಯಲ್ಲಿ ಬಾಚಣಿಗೆಯಂತೆ ಏಳು ಸ್ಲಾಟ್ ಹಾಕಿ. ದಪ್ಪಕ್ಕೆ ಸಮನಾದ ಅಗಲದಿಂದ ಶುರುಮಾಡಿ ಒಂದೊಂದಕ್ಕೂ 0.1 ಮಿ.ಮೀ. ಹೆಚ್ಚಿಸುತ್ತಾ ಹೋಗಿ. ಒಂದು ತುಂಡನ್ನು ಪ್ರತಿಯೊಂದರಲ್ಲೂ ಸಿಕ್ಕಿಸಿ ನೋಡಿ. ಒಂದರಲ್ಲಿ ಕೊಡತಿ ಬೇಕು, ಮುಂದಿನದಕ್ಕೆ ಅಂಗೈ ಒತ್ತಿದರೆ ಸಾಕು, ಅದರ ಮುಂದಿನದು ತಾನೇ ಬೀಳುತ್ತದೆ.

ಅಂಗೈಗೆ ಬಗ್ಗಿದ್ದು ಸರಿಯಾದ ಅಳತೆ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಅಡ್ಡಪಟ್ಟಿ 13 ಸ್ಲಾಟ್‌ಗಳಿಗೆ ಒಟ್ಟಿಗೆ ಹೋಗಬೇಕು. ಒಂದರ ಉಜ್ಜುವಿಕೆ ಅಂಗೈಗೆ ಬಗ್ಗುತ್ತದೆ, ಹದಿಮೂರರದ್ದು ಇಬ್ಬರು ತಳ್ಳಿದರೂ ಬಗ್ಗುವುದಿಲ್ಲ. ಅದಕ್ಕೇ ಎರಡನೇ ಪರೀಕ್ಷೆ ಬೇಕು: ಕಿರಿದಾದ ಪಟ್ಟಿಯೊಂದರಲ್ಲಿ 13 ಸ್ಲಾಟ್, ಅದಕ್ಕೆ 13 ಗಿಡ್ಡ ತುಂಡು. ನನ್ನ ಅನುಭವದಲ್ಲಿ ಒಂಟಿ ಸ್ಲಾಟ್‌ಗೆ ಸರಿ ಅನ್ನಿಸಿದ್ದಕ್ಕಿಂತ 0.1 ಅಥವಾ 0.2 ಮಿ.ಮೀ. ಜಾಸ್ತಿ ಬೇಕಾಗುತ್ತದೆ. ಬಣ್ಣ ಅಥವಾ ವಾರ್ನಿಷ್ ಹಚ್ಚುವುದಿದ್ದರೆ ಪರೀಕ್ಷೆಯ ತುಂಡಿಗೂ ಹಚ್ಚಿ ನೋಡಿ, ಅದೂ ದಪ್ಪವೇ.

ಸ್ಲಾಟ್‌ನ ತಳದ ಮೂಲೆಗಳು ಇನ್ನೊಂದು ಕಥೆ. ಬಿಟ್ ದುಂಡಗಿದೆ. 6 ಮಿ.ಮೀ. ಬಿಟ್ ಒಳಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಬಿಟ್ಟು ಹೋಗುತ್ತದೆ. ಚೌಕ ಅಂಚಿನ ಹಲಗೆ ಅಲ್ಲಿ ಕೂರುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಬಿಟ್ ಸ್ವಲ್ಪ ಆಚೆ ಹೋಗಿ ಬರುವಂತೆ ಒಂದು ಗುಂಡಿ ಇಡುತ್ತಾರೆ. ನೋಡಲು ನಾಯಿಗೆ ಹಾಕುವ ಮೂಳೆಯಂತಿರುವುದರಿಂದ ಅದಕ್ಕೆ 'ಡಾಗ್‌ಬೋನ್' ಎನ್ನುತ್ತಾರೆ. ಗುಂಡಿಯ ವ್ಯಾಸವನ್ನು 6 ಅಲ್ಲ, 6.2 ಇಡಿ. ಸರಿಯಾಗಿ ಬಿಟ್‌ನಷ್ಟೇ ಇಟ್ಟರೆ ಕೆಲವು ಕ್ಯಾಮ್ ತಂತ್ರಾಂಶಗಳು (ಗೆರೆಗಳನ್ನು ಯಂತ್ರ ಓಡುವ ದಾರಿಯಾಗಿ ಬದಲಾಯಿಸುವಂಥವು) ಅಲ್ಲಿಗೆ ಹೋಗಲಾಗದು ಅಂದುಕೊಂಡು ಬಿಟ್ಟುಬಿಡುತ್ತವೆ.

ದೊಡ್ಡ ಕೆಲಸಗಳಲ್ಲೂ ಲೆಕ್ಕ ಹೀಗೇ ನಡೆಯುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಬ್ಲಾಕ್ ರಿಸರ್ಚ್ ಗ್ರೂಪ್ ತನ್ನ ಜೊತೆಗಾರರೊಂದಿಗೆ 2016ರಲ್ಲಿ ವೆನಿಸ್‌ನಲ್ಲಿ ಕಟ್ಟಿದ ಆರ್ಮಡಿಲೊ ವಾಲ್ಟ್ 399 ಸುಣ್ಣಕಲ್ಲಿನ ತುಂಡುಗಳ ಕಮಾನು. ನಡುವೆ ಗಾರೆಯೇ ಇಲ್ಲ. ಸಾಮಾನ್ಯ ಕಮಾನಿನಲ್ಲಿ ಅಳತೆಯ ತಪ್ಪನ್ನು ಗಾರೆ ನುಂಗಿಕೊಳ್ಳುತ್ತದೆ. ಅಲ್ಲಿ ನುಂಗಲು ಏನೂ ಇರಲಿಲ್ಲ. 2014ರಲ್ಲಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ಲಾಂಡೆಸ್‌ಗಾರ್ಟೆನ್‌ಶೌ ಎಂಬ ತೋಟಗಾರಿಕೆ ಮೇಳದ ಪ್ರದರ್ಶನ ಮಂಟಪಕ್ಕೆ 50 ಮಿ.ಮೀ. ದಪ್ಪದ ಬೀಚ್ ಪ್ಲೈವುಡ್‌ನ 243 ಫಲಕಗಳನ್ನು ರೋಬೋಟ್‌ನಿಂದ ಕೊರೆಸಿದರು. ಒಂದರಂತೆ ಇನ್ನೊಂದಿಲ್ಲ. ಅಂಥ ಕಡೆ ಒಂದು ಫಲಕದ ತಪ್ಪು ಪಕ್ಕದ್ದಕ್ಕೆ, ಅಲ್ಲಿಂದ ಮುಂದಿನದಕ್ಕೆ ಸಾಗುತ್ತದೆ.

ಹಂತ 7: ತುಂಡುಗಳನ್ನು ಹಲಗೆಯ ಮೇಲೆ ಹರಡುವುದು

ಇದಕ್ಕೆ ನೆಸ್ಟಿಂಗ್ ಎನ್ನುತ್ತಾರೆ. ತಂತ್ರಾಂಶ ತಾನೇ ಮಾಡುತ್ತದೆ, ಆದರೆ ಅದಕ್ಕೆ ಮೇಲ್ಪದರದ ಎಳೆಯ ದಿಕ್ಕು ಗೊತ್ತಿಲ್ಲ. ಉದ್ದ ತುಂಡುಗಳು ಎಳೆಯ ಗುಂಟವೇ ಇರುವಂತೆ ತಿರುಗಿಸುವ ಅವಕಾಶವನ್ನು 0 ಮತ್ತು 180 ಡಿಗ್ರಿಗೆ ಮಿತಿಗೊಳಿಸಿ. ತುಂಡುಗಳ ನಡುವೆ ಬಿಟ್‌ನ ಎರಡರಷ್ಟು ಜಾಗ ಇರಲಿ. ಹಲಗೆಯನ್ನು ಮೇಜಿಗೆ ಸ್ಕ್ರೂನಿಂದ ಹಿಡಿಸುವುದಾದರೆ ಸ್ಕ್ರೂ ಬರುವ ಜಾಗಗಳನ್ನೂ ಫೈಲ್‌ನಲ್ಲೇ ಗುರುತು ಮಾಡಿ. ಬಿಟ್ ಸ್ಕ್ರೂಗೆ ತಾಗುವ ಸದ್ದು ಒಮ್ಮೆ ಕೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಹಂತ 8: ಯಂತ್ರಕ್ಕೆ ದಾರಿ ಹೇಳುವುದು

ಗೆರೆಗಳನ್ನು ಡಿಎಕ್ಸ್‌ಎಫ್ ಎಂಬ ಬಗೆಯ ನಕ್ಷೆಯ ಫೈಲ್ ಆಗಿ ಹೊರತೆಗೆದು ಕ್ಯಾಮ್ ತಂತ್ರಾಂಶಕ್ಕೆ ಕೊಡಿ. ಮೊದಲು ಹೆಸರು ಕೆತ್ತುವುದು, ಆಮೇಲೆ ಸ್ಲಾಟ್‌ಗಳು, ಕೊನೆಗೆ ಹೊರ ಅಂಚು. ಹೊರ ಅಂಚನ್ನು ಮೊದಲೇ ಕತ್ತರಿಸಿದರೆ ತುಂಡು ಅಲುಗಾಡಿ ಸ್ಲಾಟ್‌ಗಳು ಸೊಟ್ಟಗಾಗುತ್ತವೆ. ಹೊರ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಸೇತುವೆಗಳನ್ನು, ಅಂದರೆ ಟ್ಯಾಬ್‌ಗಳನ್ನು ಬಿಡಿ. ಬಿಡುವಾಗ ನೇರ ಭಾಗದಲ್ಲಿ ಬಿಡಿ, ಉಜ್ಜಿ ತೆಗೆಯುವುದು ಸುಲಭ.

ವೇಗದ ಲೆಕ್ಕ ಹೀಗಿದೆ: ನಿಮಿಷಕ್ಕೆ ಬಿಟ್ ಸುತ್ತುವ ಸಂಖ್ಯೆ, ಬಿಟ್‌ನ ಅಲಗುಗಳು, ಪ್ರತಿ ಅಲಗು ಕಚ್ಚುವ ಮರ, ಮೂರನ್ನೂ ಗುಣಿಸಿ. 18000 × 2 × 0.15 ಅಂದರೆ ನಿಮಿಷಕ್ಕೆ 5400 ಮಿ.ಮೀ. ಯಂತ್ರ ಹಗುರವಾದದ್ದಾದರೆ ಒಂದೊಂದು ಸಲಕ್ಕೆ ಇಳಿಯುವ ಆಳವನ್ನು ಕಡಿಮೆ ಮಾಡಿ. ವೇಗವನ್ನು ತೀರಾ ಇಳಿಸಬೇಡಿ. ನಿಧಾನ ಹೋದರೆ ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗುತ್ತದೆ, ಕೆಂಡದಂಥ ಕಣ ದೂಳು ಹೀರುವ ಚೀಲಕ್ಕೆ ಸೇರಿದರೆ ಬೆಂಕಿಯೇ ಹತ್ತಬಹುದು.

ಪ್ಲೈವುಡ್‌ಗೆ ಕಂಪ್ರೆಷನ್ ಬಿಟ್ ಒಳ್ಳೆಯದು. ಅದರ ಕೆಳಭಾಗ ಮೇಲಕ್ಕೆ, ಮೇಲ್ಭಾಗ ಕೆಳಕ್ಕೆ ಎಳೆಯುವುದರಿಂದ ಎರಡೂ ಮೈಯ ಪದರ ಕಿತ್ತು ಬರುವುದಿಲ್ಲ. ಒಂದೇ ಷರತ್ತು, ಮೊದಲ ಸುತ್ತಿನಲ್ಲೇ ಸಾಕಷ್ಟು ಆಳಕ್ಕೆ ಇಳಿಯಬೇಕು. ಇಲ್ಲದಿದ್ದರೆ ಮೇಲಕ್ಕೆ ಎಳೆಯುವ ಭಾಗವೇ ಮೇಲ್ಮೈಯನ್ನು ಕಿತ್ತುಹಾಕುತ್ತದೆ.

ಇನ್ನು ಎತ್ತರದ ಸೊನ್ನೆ, ಅಂದರೆ ಬಿಟ್‌ನ ಎತ್ತರವನ್ನು ಯಂತ್ರ ಎಲ್ಲಿಂದ ಎಣಿಸಬೇಕೋ ಆ ಜಾಗ. ಬಹಳ ಜನ ಅದನ್ನು ಹಲಗೆಯ ಮೇಲ್ಮೈಯಲ್ಲಿ ಇಡುತ್ತಾರೆ. ಹಲಗೆಯಿಂದ ಹಲಗೆಗೆ ದಪ್ಪ ಬೇರೆ ಅಂತ ಈಗಷ್ಟೇ ಅಳೆದಿದ್ದೇವಲ್ಲ! ಮೇಜಿನ ಮೇಲಿನ ಬಲಿಹಲಗೆಯಲ್ಲಿ (ಮೇಜಿಗೆ ಗಾಯವಾಗದಂತೆ ಕೆಳಗೆ ಹಾಸುವ ಹಲಗೆಯಲ್ಲಿ) ಸೊನ್ನೆ ಇಟ್ಟು, ಅದರೊಳಕ್ಕೆ 0.3 ಮಿ.ಮೀ. ಇಳಿಯುವಂತೆ ಹೇಳಿ. ಆಗ ದಪ್ಪ ಹಲಗೆಯೂ ಪೂರ್ತಿ ಕತ್ತರಿಸುತ್ತದೆ, ತೆಳುವಾದದ್ದೂ.

ಹಂತ 9: ಕತ್ತರಿಸುವ ದಿನ

ಕನ್ನಡಕ, ಕಿವಿಮುಚ್ಚಳ, ದೂಳಿಗೆ ಸರಿಯಾದ ಮಾಸ್ಕ್. ಸಡಿಲ ತೋಳು, ಕೈಗವಸು ಬೇಡ. ಬಿಟ್‌ನ್ನು ಹಲಗೆಗಿಂತ ಒಂದಷ್ಟು ಮೇಲೆ ಇಟ್ಟು ಒಮ್ಮೆ ಗಾಳಿಯಲ್ಲೇ ಓಡಿಸಿ ನೋಡಿ. ಆಮೇಲೆ ನಿಜವಾಗಿ ಶುರುಮಾಡಿ, ಯಂತ್ರವನ್ನು ಒಂಟಿಯಾಗಿ ಬಿಟ್ಟು ಟೀ ಕುಡಿಯಲು ಹೋಗಬೇಡಿ.

ಕೆಳಗೆ ಬೀಳುವುದನ್ನು ಗಮನಿಸಿ. ಸಣ್ಣ ಚಕ್ಕೆಗಳು ಬಿದ್ದರೆ ಬಿಟ್ ಕತ್ತರಿಸುತ್ತಿದೆ. ಹಿಟ್ಟಿನಂಥ ಹೊಟ್ಟು, ಸುಟ್ಟ ವಾಸನೆ ಬಂದರೆ ಮೊಂಡಾಗಿದೆ ಅಥವಾ ನಿಧಾನವಾಗಿದೆ. ಮೊದಲ ತುಂಡು ಹೊರಬಂದ ಕೂಡಲೇ ನಿಲ್ಲಿಸಿ, ಅದರ ಸ್ಲಾಟ್‌ಗಳನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಬಿಟ್ ಸವೆದಂತೆ ಸ್ಲಾಟ್ ಕಿರಿದಾಗುತ್ತಾ ಹೋಗುತ್ತದೆ. ನಾಲ್ಕನೇ ಹಲಗೆ ಮುಗಿದಾಗ ಇನ್ನೊಮ್ಮೆ ಅಳೆಯಿರಿ.

ಹಂತ 10: ಜೋಡಿಸುವುದು

ಟ್ಯಾಬ್‌ಗಳನ್ನು ಉಜ್ಜಿ, ಸ್ಲಾಟ್‌ನ ಬಾಯಿಯ ಎರಡೂ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಸ್ವಲ್ಪ ಮೊಂಡು ಮಾಡಿ. ಹಲಗೆ ದಾರಿ ಹುಡುಕಿಕೊಳ್ಳಲು ಅಷ್ಟು ಸಾಕು.

ಗೋಡೆಯನ್ನು ನಿಲ್ಲಿಸಿ ಜೋಡಿಸಲು ಹೋಗಬೇಡಿ. ಅದು ನಿಲ್ಲುವ ಜಾಗದಲ್ಲೇ ನಿಲುಪಟ್ಟಿಗಳನ್ನು ಬೆನ್ನು ಕೆಳಗಾಗಿ, ಸ್ಲಾಟ್ ಮೇಲಾಗಿ, 190ರ ಅಂತರದಲ್ಲಿ ಮಲಗಿಸಿ. ಎರಡು ಕಡ್ಡಿಗಳಲ್ಲಿ ಮೊದಲೇ 190ಕ್ಕೆ ಒಂದರಂತೆ ಕಚ್ಚು ಕತ್ತರಿಸಿಟ್ಟುಕೊಂಡರೆ ಅಂತರ ಹಿಡಿಯುವುದು ಸುಲಭ. ಪರೀಕ್ಷೆಯ ಹಲಗೆಯಲ್ಲಿ ಉಳಿದ ಜಾಗದಿಂದಲೇ ಅವು ಬರುತ್ತವೆ. ಮೊದಲು ಅ1, ಆಮೇಲೆ ಅ8, ಆಮೇಲೆ ನಡುವಿನವು. ತುದಿಗಳು ಕೂತರೆ ಚೌಕಟ್ಟು ತಾನೇ ನೇರವಾಗುತ್ತದೆ. ಮೂಲೆಮಟ್ಟ ಇಟ್ಟು ನೋಡಿಕೊಳ್ಳಿ.

ಅಡ್ಡಪಟ್ಟಿಯನ್ನು ಒಂದು ತುದಿಯಿಂದ ಒತ್ತಬೇಡಿ. ಇಬ್ಬರು ಎರಡು ಕಡೆ ನಿಂತು ಎಲ್ಲ ಸ್ಲಾಟ್‌ಗಳಿಗೂ ಬೆರಳಷ್ಟು ಇಳಿಸಿ, ಮತ್ತೆ ಬೆರಳಷ್ಟು, ಹೀಗೆ ಸಮನಾಗಿ ಇಳಿಸಿ. ಕೊಡತಿ ಬಳಸಲೇಬೇಕಾದರೆ ನಡುವೆ ಮರದ ತುಂಡು ಇಟ್ಟು ಹೊಡೆಯಿರಿ. ಎಲ್ಲ ಕೂತ ಮೇಲೆ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿ, ಹಿಂಬದಿಯ ಮುಚ್ಚುಹಲಗೆ ಅಂಟಿಸಿ, ಗೋಡೆಗೋ ನೆಲಕ್ಕೋ ಚಾವಣಿಗೋ ಬಿಗಿಯಿರಿ. ಬಿಗಿಯುವವರೆಗೆ ಒಬ್ಬರು ಹಿಡಿದೇ ಇರಬೇಕು.

ಎಲ್ಲೋ ಒಂದು ಸ್ಲಾಟ್ ಸಡಿಲ ಅನ್ನಿಸಬಹುದು. ಅಲ್ಲಿ ಅಂಟು ಸುರಿಯುವ ಬದಲು ತೆಳು ವೆನಿಯರ್ (ಕಾಗದದಂಥ ಮರದ ಪದರ) ಚೂರು ತುರುಕಿ. ಮುಂದೆ ಗೋಡೆ ಬಿಚ್ಚಿ ಬೇರೆ ಕಡೆ ಕಟ್ಟಬೇಕಾದರೆ ಅಂಟು ಬಿಚ್ಚಲು ಬಿಡುವುದಿಲ್ಲ.

ಕಂಪ್ಯೂಟರ್ ಮುಚ್ಚುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ನಿಜವಾಗಿ ಕತ್ತರಿಸಿದ ದಪ್ಪಗಳನ್ನೂ ಸಡಿಲವನ್ನೂ ಫೈಲ್‌ಗೆ ತುಂಬಿ ಇನ್ನೊಂದು ಪ್ರತಿ ಉಳಿಸಿ. ಒಂದು ಪಟ್ಟಿ ಮುರಿದರೆ ಅದನ್ನು ಮತ್ತೆ ಕತ್ತರಿಸಲು ಬೇಕಾಗುವುದು ಈ ಪ್ರತಿ. ನಾನು ಈಗ ಆ ಅಂಕಿಗಳನ್ನು ಫೈಲ್‌ನ ಹೆಸರಿನಲ್ಲೇ ಇಡುತ್ತೇನೆ. ಈಚಿನ ಗೋಡೆಯದು 'ಅಡ್ಡಗೋಡೆ-ನಿ17.6-ಅ18.0-ಸ0.3'. ಮೊದಲ ಗೋಡೆಯ ಫೈಲ್‌ಗೆ 'ಅಡ್ಡಗೋಡೆ-ಫೈನಲ್-ಫೈನಲ್2' ಎಂಬ ಹೆಸರಿತ್ತು.